‘ಸಿಗಲಿಲ್ಲ’ ಎಂದರೆ ಏನರ್ಥ?

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಅದರ ಉತ್ತರವನ್ನೂ ಸೇರಿಸಿದೆ.)



ರಾಜ್ಯೋತ್ಸವದ ಭಾಷಣವೆಂದರೆ ಪಂಪನನ್ನೋ ಬಸವಣ್ಣನವರನ್ನೋ ಪುರಂದರದಾಸರನ್ನೋ ಕುರಿತು ಇರತಕ್ಕದ್ದು ಎಂಬುದು ನಮ್ಮಲ್ಲಿ ನಡೆದುಬಂದ ರೂಢಿ. ಒಳ್ಳೆಯ ರೂಢಿಯೇ. ಈ ವರ್ಷ ಕಾರ್ಯಕಾರಿ ಸಮಿತಿಯವರು ಆ ರೂಢಿಗೆ ಒಂದು ಸಂಜೆಯ ಮಟ್ಟಿಗೆ ರಜೆ ಕೊಟ್ಟು, ‘ನಮ್ಮ ಹುಡುಗರು ಹಗಲೂ ರಾತ್ರಿ ಏನು ಮಾಡುತ್ತಾರೆ ಎಂಬುದನ್ನು ಕನ್ನಡದಲ್ಲಿ ಹೇಳಿರಿ’ ಎಂದು ನನಗೆ ಅಪ್ಪಣೆ ಮಾಡಿದ್ದಾರೆ. ಇಲ್ಲಿ ಕುಳಿತವರಲ್ಲಿ ಬಹಳ ಜನ ಹಿಂಜವಡಿ, ಖರಾಡಿ, ಮಗರಪಟ್ಟಾಗಳ ಕಚೇರಿಗಳಿಗೆ ಹೋಗಿಬರುವವರು. ಮಿಕ್ಕವರು ಅಂಥವರ ತಂದೆತಾಯಿಗಳು. ಮಗ ರಾತ್ರಿ ಎರಡು ಗಂಟೆಯವರೆಗೆ ಗಣಕಯಂತ್ರದ ಮುಂದೆ ತಲೆ ಹಿಡಿದುಕೊಂಡು ಕೂತದ್ದನ್ನು ಕಂಡು ತಾಯಿ ‘ಏನಾತಪಾ?’ ಎಂದು ಕೇಳಿದರೆ, ‘ಕ್ಲಾಸ್ ಸಿಗವಲ್ದು’ ಎನ್ನುತ್ತಾನೆ. ಆಕೆಗೆ ತಿಳಿಯುವುದಾದರೂ ಹೇಗೆ? ಆ ‘ಸಿಗವಲ್ದು’ ಎಂಬ ಒಂದೇ ಮಾತನ್ನು ಹಿಡಿದುಕೊಂಡು ನಾನು ಇಂದು ಮಾತಾಡುವವನಿದ್ದೇನೆ. ತಾಯಂದಿರಿಗೆ ಈ ಕೆಲಸದ ಸ್ವರೂಪ ತಿಳಿಯಲಿ. ಹುಡುಗರಿಗೆ ಆ ಎರಡು ಗಂಟೆ ಹನ್ನೊಂದಕ್ಕಾದರೂ ಇಳಿಯಲಿ ಎಂಬುದಷ್ಟೇ ನನ್ನ ಆಸೆ.

ಪುಣೆಗೂ ಗಣಕಯಂತ್ರಕ್ಕೂ ಕನ್ನಡಿಗರಿಗೂ ಇರುವ ನಂಟು ಇಂದಿನದಲ್ಲ. ಎನ್. ಆರ್. ನಾರಾಯಣಮೂರ್ತಿಯವರೂ ಅವರ ಆರು ಜನ ಸಂಗಡಿಗರೂ ೧೯೮೧ರಲ್ಲಿ ಇನ್ಫೋಸಿಸ್ ಸಂಸ್ಥೆಯನ್ನು ಹುಟ್ಟುಹಾಕಿದ್ದು ಈ ಊರಿನಲ್ಲಿಯೇ. ಅದು ಬೆಂಗಳೂರಿಗೆ ಹೋದದ್ದು ಆಮೇಲೆ, ೧೯೮೩ರಲ್ಲಿ. ೧೯೮೮ರಲ್ಲಿ ಇಲ್ಲಿ ನೆಲೆಗೊಂಡ ಸಿ-ಡ್ಯಾಕ್ ಸಂಸ್ಥೆ ೧೯೯೧ರಲ್ಲಿ ‘ಪರಮ್ ೮೦೦೦’ ಎಂಬ ಮಹಾಗಣಕವನ್ನು ಕಟ್ಟಿತು. ಕನ್ನಡವೂ ಸೇರಿದಂತೆ ಭಾರತದ ಲಿಪಿಗಳನ್ನು ಗಣಕದ ಮೇಲೆ ಮೂಡಿಸುವ ಕೆಲಸವನ್ನೂ ಮಾಡಿತು. ಈಗಿನ ನಮ್ಮ ಹುಡುಗರು ಮಾಡುವ ಕೆಲಸ ಅಷ್ಟು ಹೆಸರು ತರುವಂಥದಲ್ಲ. ಯಾವುದೋ ದೇಶದ ಬ್ಯಾಂಕಿನ ಲೆಕ್ಕ, ವಿಮೆಯ ಕಾಗದಪತ್ರ, ಪಗಾರದ ಯಾದಿ, ಇಂಥವುಗಳನ್ನು ನಡೆಯಿಸಿಕೊಂಡು ಹೋಗುವ ಪ್ರೋಗ್ರಾಮುಗಳನ್ನು ಬರೆಯುವುದು, ಕೆಟ್ಟರೆ ದುರಸ್ತಿ ಮಾಡುವುದು. ಅವುಗಳಲ್ಲಿ ಬಹಳಷ್ಟು ಜಾವಾ ಎಂಬ ಭಾಷೆಯಲ್ಲಿವೆ. ಅಮೇರಿಕೆಯ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗೋಸ್ಲಿಂಗ್ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದ ಈ ಭಾಷೆ ೧೯೯೫ರಲ್ಲಿ ಲೋಕದ ಮುಂದೆ ಬಂದಿತು. ೨೦೧೦ರಲ್ಲಿ ಆ ಕಂಪನಿಯನ್ನು ಓರೇಕಲ್ ಕಂಪನಿ ಕೊಂಡಿತು. ಇದನ್ನು ಏಕೆ ಹೇಳಿದೆನೆಂದರೆ, ಈ ಮಾಲಕತ್ವದ ಮಾತು ಮುಂದೆ ನಮ್ಮ ಹುಡುಗರ ನಿದ್ದೆ ಕೆಡಿಸಿದ್ದುಂಟು. ಅಲ್ಲಿಗೆ ಆಮೇಲೆ ಬರೋಣ.

ಜಾವಾದಲ್ಲಿ ಬರೆದ ಪ್ರೋಗ್ರಾಮು ಒಂದೇ ಇಡಿಯ ವಸ್ತುವಲ್ಲ. ಸಾವಿರಾರು ಸಣ್ಣ ತುಣುಕುಗಳ ಕೂಟ. ಒಂದೊಂದು ತುಣುಕಿಗೂ ಕ್ಲಾಸ್ ಎಂದು ಹೆಸರು. ಇದನ್ನು ಕನ್ನಡದಲ್ಲಿ ‘ವರ್ಗ’ ಎನ್ನಬೇಕೆಂದು ಪಾರಿಭಾಷಿಕ ಪದಗಳನ್ನು ಕೂಡಿಸುವವರು ಹೇಳಿಯಾರು. ಆದರೆ ‘ನನ್ನ ವರ್ಗ ಕಾಣೆಯಾಗಿದೆ’ ಎಂದರೆ ಶಾಲೆಯ ಮಾಸ್ತರರು ಗಾಬರಿಯಾದಾರು. ‘ವರ್ಗ ಬಂದಿದೆ’ ಎಂದರೆ ಮನೆಯಾಕೆ ಸಾಮಾನು ಕಟ್ಟಲು ಸುರುಮಾಡಿಯಾಳು. ಆದುದರಿಂದ ಕ್ಲಾಸ್ ಎಂಬ ಮಾತನ್ನೇ ಇಟ್ಟುಕೊಳ್ಳುತ್ತೇನೆ. ಇಂಥ ಕ್ಲಾಸುಗಳನ್ನು ನೂರೋ ಸಾವಿರವೋ ಕೂಡಿಸಿ ಒಂದು ಕಡತದಲ್ಲಿ ಅಡಕಿ ಇಡುತ್ತಾರೆ. ಅದಕ್ಕೆ ಜಾರ್ ಎಂದು ಹೆಸರು. ‘ಜಾವಾ ಆರ್ಕೈವ್’ ಎಂಬುದರ ಸಂಕ್ಷೇಪ ಅದು. ಆದರೆ ನಮ್ಮ ಉಪ್ಪಿನಕಾಯಿಯ ಭರಣಿ ಎಂದು ತಿಳಿದರೂ ತಪ್ಪಿಲ್ಲ. ನಿಜಕ್ಕೂ ಅದು ಜಿಪ್ ಕಡತವೇ. ಮುಚ್ಚಳ ತೆಗೆದು ಒಳಗೆ ಏನೇನಿದೆಯೆಂದು ಯಾರಾದರೂ ನೋಡಬಹುದು. ಎಷ್ಟೋ ಹುಡುಗರಿಗೆ ಇದು ಗೊತ್ತಿಲ್ಲದೆ, ಭರಣಿಯನ್ನು ಹೊರಗಿನಿಂದಲೇ ತಟ್ಟಿ ನೋಡುತ್ತ ಕೂಡುತ್ತಾರೆ. ಬೇರೆಯವರು ಬರೆದು, ಹೀಗೆ ಭರಣಿಯಲ್ಲಿ ತುಂಬಿ, ಎಲ್ಲರ ಉಪಯೋಗಕ್ಕೆಂದು ಇಟ್ಟ ಸಿದ್ಧ ಸಾಮಾನಿಗೆ ಲೈಬ್ರರಿ ಎನ್ನುತ್ತಾರೆ. ಇಲ್ಲಿ ಪುಸ್ತಕದ ಮಾತಿಲ್ಲ.

ಇನ್ನೊಂದು ಸಂಗತಿಯನ್ನು ಹೇಳಿದರೆ ಪೀಠಿಕೆ ಮುಗಿಯಿತು. ಜಾವಾದಲ್ಲಿ ಎರಡು ಹೊತ್ತುಗಳಿವೆ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವ ಹೊತ್ತು ಒಂದು. ಅದನ್ನು ಓಡಿಸುವ ಹೊತ್ತು ಇನ್ನೊಂದು. ಮೊದಲನೆಯದು ಹುಡುಗನ ಮೇಜಿನ ಮೇಲೆ ಪುಣೆಯಲ್ಲಿ ನಡೆದರೆ, ಎರಡನೆಯದು ಎಲ್ಲಿಯೋ ಒಂದು ದೂರದ ಸರ್ವರಿನ ಮೇಲೆ ನಡೆಯುತ್ತದೆ. ಓಡುವಾಗಲೂ ಜಾವಾ ಯಂತ್ರವು ಶಾಲೆಯ ಮಾಸ್ತರರಂತೆ ಬೆಳಿಗ್ಗೆ ಎಲ್ಲ ಕ್ಲಾಸುಗಳ ಹಾಜರಿ ತೆಗೆದುಕೊಳ್ಳುವುದಿಲ್ಲ. ಯಾವುದು ಯಾವಾಗ ಬೇಕೋ ಆವಾಗಲೇ ಕೂಗಿ ಕರೆಯುತ್ತದೆ. ಆದುದರಿಂದ ತಿಂಗಳ ಕೊನೆಯ ದಿನ ಮಾತ್ರ ಬೇಕಾಗುವ ಕ್ಲಾಸು ಕಾಣೆಯಾದದ್ದು ತಿಂಗಳ ಕೊನೆಯ ದಿನವೇ ಗೊತ್ತಾಗುತ್ತದೆ. ಇಪ್ಪತ್ತೊಂಬತ್ತು ದಿನ ಸುಖವಾಗಿ ನಡೆದ ಪ್ರೋಗ್ರಾಮು ಮೂವತ್ತನೆಯ ರಾತ್ರಿ ಕೈ ಎತ್ತುತ್ತದೆ. ‘ನಿನ್ನೆಯವರೆಗೆ ಸರಿಯಾಗಿತ್ತಲ್ಲ!’ ಎಂದು ಮೇಲಿನವರು ಗದರಿಸುತ್ತಾರೆ. ನಿನ್ನೆಯವರೆಗೆ ಅದನ್ನು ಯಾರೂ ಕರೆದಿರಲಿಲ್ಲ, ಅಷ್ಟೇ.

ಈಗ ಮುಖ್ಯ ವಿಷಯ. ಯಂತ್ರವು ‘ಸಿಗಲಿಲ್ಲ’ ಎಂದು ಹೇಳಿದಾಗ ನಮ್ಮ ಹುಡುಗರು ಅದನ್ನು ‘ಇಲ್ಲ’ ಎಂದು ಓದಿಕೊಳ್ಳುತ್ತಾರೆ. ತೊಡಕೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಯಂತ್ರ ಹೇಳುವುದು ಇಷ್ಟೇ: ‘ಇಂಥ ಹೆಸರಿನದನ್ನು, ಇಂಥವರು ಕೇಳಿದ್ದಕ್ಕಾಗಿ, ನನಗೆ ತೋರಿಸಿಕೊಟ್ಟ ಜಾಗಗಳಲ್ಲಿ ಹುಡುಕಿದೆ; ಅಲ್ಲಿ ಸಿಗಲಿಲ್ಲ.’ ಹೆಸರು ಯಾವುದು, ಕೇಳಿದವರು ಯಾರು, ತೋರಿಸಿದ ಜಾಗಗಳು ಯಾವುವು ಎಂಬ ಈ ಮೂರನ್ನು ವಿಚಾರಿಸದೆ ಅಂತರ್ಜಾಲದಲ್ಲಿ ಎಲ್ಲಿಂದಲೋ ಒಂದು ಭರಣಿಯನ್ನು ಎತ್ತಿ ತಂದು ಒಳಗೆ ಹಾಕುವುದು ರೋಗಿಯ ನಾಡಿ ಹಿಡಿಯದೆ ಗುಳಿಗೆ ಕೊಟ್ಟಂತೆ.

ಅದರಲ್ಲಿಯೂ ‘ಸಿಗಲಿಲ್ಲ’ ಎನ್ನುವುದಕ್ಕೆ ಜಾವಾದಲ್ಲಿ ಎರಡು ಬೇರೆ ಮಾತುಗಳಿವೆ. ಒಂದು ‘ಕ್ಲಾಸ್ ನಾಟ್ ಫೌಂಡ್ ಎಕ್ಸೆಪ್ಶನ್’. ಇನ್ನೊಂದು ‘ನೋ ಕ್ಲಾಸ್ ಡೆಫ್ ಫೌಂಡ್ ಎರರ್’. ಇವೆರಡನ್ನೂ ಒಂದೇ ಎಂದು ತಿಳಿಯುವವರೇ ಹೆಚ್ಚು. ಗದುಗಿನ ಭೀಮಸೇನ ಜೋಶಿಯವರು ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗಾಗಿ ೧೯೫೩ರಲ್ಲಿ ಈ ಊರಿನಲ್ಲಿ ಸುರುಮಾಡಿದ ಸಂಗೀತೋತ್ಸವವನ್ನು ನೀವೆಲ್ಲ ಬಲ್ಲಿರಿ. ಅಂಥ ಒಂದು ಕಚೇರಿಯನ್ನು ಕಲ್ಪಿಸಿಕೊಳ್ಳಿರಿ. ಗವಾಯಿಗಳು ಎಂಟು ದಿನ ಒಬ್ಬ ಹಾರ್ಮೋನಿಯಂ ಸಾಥಿಯ ಜೊತೆಗೆ ತಾಲೀಮು ಮಾಡಿದ್ದಾರೆ. ಕಚೇರಿಯ ರಾತ್ರಿ ವೇದಿಕೆ ಹತ್ತಿ ಪಕ್ಕಕ್ಕೆ ನೋಡಿದರೆ ಆತನ ಜಾಗ ಖಾಲಿ. ಇದು ‘ನೋ ಕ್ಲಾಸ್ ಡೆಫ್ ಫೌಂಡ್’. ತಾಲೀಮಿನ ಹೊತ್ತಿಗೆ, ಅಂದರೆ ಮಾರ್ಪಡಿಸುವ ಹೊತ್ತಿಗೆ, ಇದ್ದಾತ ಓಡಿಸುವ ಹೊತ್ತಿಗೆ ಇಲ್ಲ. ಹೆಸರು ತಪ್ಪಾಗಿರುವ ಸಂಭವವೇ ಇಲ್ಲ. ಎಂಟು ದಿನ ಜೊತೆಗೆ ಕೂತವನಲ್ಲವೆ? ಮನೆಯಿಂದ ಮಂಟಪಕ್ಕೆ ಬರುವ ದಾರಿಯಲ್ಲಿ ಎಲ್ಲಿ ತಪ್ಪಿಸಿಕೊಂಡ ಎಂಬುದನ್ನೇ ಹುಡುಕಬೇಕು. ಇನ್ನು ಎರಡನೆಯ ಬಗೆ: ಯಾರೋ ಒಬ್ಬರು ನಿವೇದಕರ ಕೈಯಲ್ಲಿ ಒಂದು ಚೀಟಿ ಕೊಟ್ಟು ‘ಇವರನ್ನು ವೇದಿಕೆಗೆ ಕರೆಯಿರಿ’ ಎಂದರು. ಅವರು ಧ್ವನಿವರ್ಧಕದಲ್ಲಿ ಹೆಸರು ಕೂಗಿದರು. ಯಾರೂ ಎದ್ದು ಬರಲಿಲ್ಲ. ಇದು ‘ಕ್ಲಾಸ್ ನಾಟ್ ಫೌಂಡ್’. ಇಲ್ಲಿ ತಾಲೀಮೇ ನಡೆದಿಲ್ಲ; ಬರಿಯ ಚೀಟಿಯ ಮೇಲಿನ ಹೆಸರು. ಬರೆದವರು ಒಂದಕ್ಷರ ತಪ್ಪಿದ್ದರೂ ತಪ್ಪಿರಬಹುದು. ಆದುದರಿಂದ ಇಲ್ಲಿ ಮೊದಲು ಚೀಟಿಯನ್ನು ನೋಡತಕ್ಕದ್ದು.

ಈ ಎರಡನೆಯ ಬಗೆಗೆ ನಮ್ಮ ಕಚೇರಿಗಳಲ್ಲಿ ದಿನವೂ ಕಾಣುವ ಉದಾಹರಣೆಯೆಂದರೆ ಮೈಎಸ್‌ಕ್ಯೂಎಲ್ ಎಂಬ ದತ್ತಾಂಶದ ಕಣಜಕ್ಕೆ ಹೋಗುವ ಡ್ರೈವರು. ಅದರ ಹೆಸರು ಬಹುಕಾಲ ‘ಕಾಮ್ ಡಾಟ್ ಮೈಎಸ್‌ಕ್ಯೂಎಲ್ ಡಾಟ್ ಜೆಡಿಬಿಸಿ ಡಾಟ್ ಡ್ರೈವರ್’ ಎಂದಿತ್ತು. ಎಂಟನೆಯ ಆವೃತ್ತಿಯಿಂದ ನಡುವೆ ‘ಸಿಜೆ’ ಎಂಬ ಎರಡಕ್ಷರ ಸೇರಿತು. ಹೊಸ ಹೆಸರನ್ನು ಯಾವುದೋ ಪುಸ್ತಕದಿಂದ ನೋಡಿ ಚೀಟಿಯಲ್ಲಿ ಬರೆದಿರುತ್ತಾರೆ. ಭರಣಿ ಮಾತ್ರ ಹಳೆಯ ಐದನೆಯ ಆವೃತ್ತಿಯದು. ಸಿಗುವುದು ಹೇಗೆ?

ಹೆಸರಿನ ಮಾತು ಬಂದದ್ದರಿಂದ ಒಂದೆರಡು ಮಾತು ಹೆಚ್ಚು ಹೇಳುತ್ತೇನೆ. ನಮ್ಮ ಕಡೆ ‘ಬಸವರಾಜ ಪಾಟೀಲ’ ಎಂದು ಕೂಗಿದರೆ ಈ ಸಭೆಯಲ್ಲಿಯೇ ನಾಲ್ಕು ಜನ ಎದ್ದು ನಿಂತಾರು. ಯಾವ ಊರು, ಯಾವ ಮನೆತನ ಎಂದು ಹೇಳಿದಾಗಲೇ ಗುರುತು ಪಕ್ಕಾ ಆಗುವುದು. ಜಾವಾದಲ್ಲಿಯೂ ಹಾಗೆಯೇ. ಸಂಸ್ಥೆಯ ಹೆಸರು ಮೊದಲು, ಆಮೇಲೆ ವಿಭಾಗ, ಕೊನೆಗೆ ಕ್ಲಾಸಿನ ಸ್ವಂತ ಹೆಸರು. ಇಡಿಯ ಹೆಸರು ಹೊಂದಬೇಕು. ಭರಣಿಯೊಳಗೆ ಅದು ಅದೇ ಹೆಸರಿನ ಖಾನೆಗಳಲ್ಲಿ ಇರಬೇಕು. ಇನ್ನು ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ಒಂದಿದೆ. ನಮ್ಮ ಲಿಪಿಯಲ್ಲಿ ಈ ಪಂಕ್ತಿಭೇದವಿಲ್ಲ; ಕನ್ನಡ ಶಾಲೆಯಿಂದ ಬಂದ ಹುಡುಗರ ಕಣ್ಣು ಅದನ್ನು ಸಹಜವಾಗಿ ದಾಟಿಬಿಡುತ್ತದೆ. ಮೇಜಿನ ಮೇಲಿನ ವಿಂಡೋಸ್ ಗಣಕವೂ ಕಡತದ ಹೆಸರಿನಲ್ಲಿ ಈ ಭೇದವನ್ನು ಸಾಮಾನ್ಯವಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ದೂರದ ಸರ್ವರು ಬಹುಶಃ ಲಿನಕ್ಸ್. ಅದರ ಮಟ್ಟಿಗೆ ದೊಡ್ಡಕ್ಷರದ ಹೆಸರೇ ಬೇರೆ, ಸಣ್ಣಕ್ಷರದ್ದೇ ಬೇರೆ. ಇಲ್ಲಿ ಓಡಿದ್ದು ಅಲ್ಲಿ ಓಡದೆ ಇರುವುದಕ್ಕೆ ಇದೂ ಒಂದು ಕಾರಣ.

ತೋರಿಸಿದ ಜಾಗಗಳಿಗೆ ‘ಕ್ಲಾಸ್ ಪಾಥ್’ ಎಂದು ಹೆಸರು, ಹುಡುಕುವ ದಾರಿ. ಇದರಲ್ಲಿ ಮೂರು ಸಣ್ಣ ಬಲೆಗಳಿವೆ. ಜಾಗಗಳ ಹೆಸರುಗಳ ನಡುವೆ ವಿಂಡೋಸಿನಲ್ಲಿ ಅರ್ಧವಿರಾಮ ಚಿಹ್ನೆ ಇಡಬೇಕು, ಲಿನಕ್ಸಿನಲ್ಲಿ ಎರಡು ಚುಕ್ಕೆಗಳ ಕೋಲನ್. ಒಂದರದ್ದನ್ನು ಇನ್ನೊಂದಕ್ಕೆ ಬರೆದರೆ ಇಡಿಯ ಯಾದಿಯೇ ಕೆಟ್ಟುಹೋಗುತ್ತದೆ. ಎರಡನೆಯದು, ನಕ್ಷತ್ರ ಚಿಹ್ನೆ ಹಾಕಿ ‘ಈ ಕೋಣೆಯಲ್ಲಿರುವ ಭರಣಿಗಳೆಲ್ಲ’ ಎಂದು ಹೇಳುವ ಅನುಕೂಲ ಜಾವಾ ಆರನೆಯ ಆವೃತ್ತಿಯಿಂದ ಇದೆ. ಆದರೆ ಅದು ಒಳಗಿನ ಕೋಣೆಗಳನ್ನು ನೋಡುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಮೋಸದ್ದು. ‘ಜಾವಾ ಡ್ಯಾಶ್ ಜಾರ್’ ಎಂದು ಒಂದೇ ಭರಣಿಯನ್ನು ಹೆಸರಿಸಿ ಓಡಿಸಿದರೆ, ಆಜ್ಞೆಯಲ್ಲಿ ಪಕ್ಕಕ್ಕೆ ಬರೆದ ದಾರಿಯನ್ನೂ, ಗಣಕದಲ್ಲಿ ಮೊದಲೇ ಬರೆದಿಟ್ಟ ದಾರಿಯನ್ನೂ ಯಂತ್ರವು ಓದುವುದೇ ಇಲ್ಲ. ಆ ಭರಣಿಯೊಳಗಿನ ‘ಮ್ಯಾನಿಫೆಸ್ಟ್’ ಎಂಬ ಚೀಟಿ ಹೇಳಿದಷ್ಟನ್ನೇ ಕೇಳುತ್ತದೆ. ಹುಡುಗ ದಾರಿಯನ್ನು ತಿದ್ದುತ್ತಲೇ ಇರುತ್ತಾನೆ, ಹತ್ತು ಸಲ, ಹದಿನೈದು ಸಲ. ಓದದವನ ಮುಂದೆ ಎಷ್ಟು ಸುಂದರವಾಗಿ ಬರೆದರೇನು?

ಇನ್ನು ಲೈಬ್ರರಿಗಳ ಬಳಗದ ವಿಚಾರ. ಮದುವೆಗೆ ಒಬ್ಬ ಬೀಗರನ್ನು ಕರೆದರೆ ಅವರು ಒಬ್ಬರೇ ಬರುವುದಿಲ್ಲ. ಅವರ ಬೀಗರು, ಆ ಬೀಗರ ಬೀಗರು, ಎಲ್ಲರೂ ಬರುತ್ತಾರೆ. ಒಂದು ಲೈಬ್ರರಿಯೂ ಹಾಗೆಯೇ. ಅದಕ್ಕೆ ಬೇಕಾದ ಲೈಬ್ರರಿಗಳು ಮತ್ತೆ ಹತ್ತು. ಮೊದಲು ಇವನ್ನೆಲ್ಲ ಕೈಯಿಂದ ಒಂದೊಂದಾಗಿ ಹುಡುಕಿ ತರಬೇಕಾಗುತ್ತಿತ್ತು. ಆ ಕಷ್ಟವನ್ನು ಕಳೆಯಲು ಮೇವನ್ ಎಂಬ ಉಪಕರಣ ಬಂದಿತು. ಅದರ ಮೊದಲ ಪೂರ್ಣ ಆವೃತ್ತಿ ೨೦೦೪ರದು. ನಾವು ಯಾದಿಯಲ್ಲಿ ಮುಖ್ಯ ಬೀಗರ ಹೆಸರನ್ನಷ್ಟೇ ಬರೆದರೆ ಅದು ‘ಮೇವನ್ ಸೆಂಟ್ರಲ್’ ಎಂಬ ಸಾರ್ವಜನಿಕ ಉಗ್ರಾಣದಿಂದ ಅವರ ಬಳಗವನ್ನೂ ಕರೆದು ತರುತ್ತದೆ. ಗ್ರೇಡಲ್ ಎಂಬ ಇನ್ನೊಂದು ಉಪಕರಣವೂ ಈ ಕೆಲಸ ಮಾಡುತ್ತದೆ. ಈ ಉಪಕರಣಗಳಿಗೂ ತಮ್ಮ ಹಟಗಳುಂಟು. ಮೇವನ್ ಒಮ್ಮೆ ಉಗ್ರಾಣಕ್ಕೆ ಹೋಗಿ ‘ಇಲ್ಲ’ ಎಂದು ಕೇಳಿಕೊಂಡು ಬಂದರೆ ಸಾಮಾನ್ಯವಾಗಿ ಆ ದಿನ ಮತ್ತೆ ಹೋಗುವುದಿಲ್ಲ. ‘ಯು’ ಎಂಬ ಅಕ್ಷರ ಸೇರಿಸಿ ಒತ್ತಾಯ ಮಾಡಬೇಕು. ೨೦೨೦ರ ಜನವರಿಯಲ್ಲಿ ಆ ಉಗ್ರಾಣದವರು ಭದ್ರತೆಯಿಲ್ಲದ ಹಳೆಯ ಬಾಗಿಲನ್ನು ಮುಚ್ಚಿ ಸುರಕ್ಷಿತ ಬಾಗಿಲಿನಿಂದ ಮಾತ್ರ ಬರಬೇಕೆಂದು ನಿಯಮ ಮಾಡಿದರು. ಹಳೆಯ ಬಾಗಿಲಿನ ವಿಳಾಸ ಬರೆದಿಟ್ಟುಕೊಂಡ ಎಷ್ಟೋ ಹಳೆಯ ಪ್ರೋಗ್ರಾಮುಗಳಿಗೆ ಅಂದು ಬೆಳಗಾಗುವುದರೊಳಗೆ ಏನೂ ಸಿಗದಂತಾಯಿತು. ಸಾಮಾನೆಲ್ಲ ಇದ್ದ ಜಾಗದಲ್ಲಿಯೇ ಇತ್ತು.

ಯಾದಿಯಲ್ಲಿ ‘ಪ್ರೊವೈಡೆಡ್’ ಎಂದು ಬರೆಯುವ ಒಂದು ಪದ್ಧತಿಯುಂಟು. ಇಲ್ಲಿನ ಮಂಗಲ ಕಾರ್ಯಾಲಯಗಳಲ್ಲಿ ಮದುವೆ ಮಾಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪಾತ್ರೆ ಪಡಗ, ಜಮಖಾನೆ ಕಾರ್ಯಾಲಯದವರೇ ಕೊಡುತ್ತಾರೆ, ನಾವು ಒಯ್ಯಬೇಕಾಗಿಲ್ಲ. ಟಾಮ್‌ಕ್ಯಾಟ್ ಮುಂತಾದ ಸರ್ವರುಗಳೂ ಹೀಗೆ ಕೆಲವು ಕ್ಲಾಸುಗಳನ್ನು ತಾವೇ ಒದಗಿಸುತ್ತವೆ. ಆದರೆ ಅದೇ ಯಾದಿಯನ್ನು ಹಿಡಿದುಕೊಂಡು ಹಳ್ಳಿಯ ಮನೆಯ ಅಂಗಳದಲ್ಲಿ ಮದುವೆ ಮಾಡಹೊರಟರೆ ಅನ್ನ ಮಾಡಲು ಹಂಡೆಯಿಲ್ಲ. ಸರ್ವರಿಲ್ಲದೆ ಪ್ರೋಗ್ರಾಮನ್ನು ಬಿಡಿಯಾಗಿ ಓಡಿಸಿದಾಗ ‘ನೋ ಕ್ಲಾಸ್ ಡೆಫ್ ಫೌಂಡ್’ ಎಂದು ಬರುವುದು ಈ ಕಾರಣದಿಂದ.

ಬಳಗ ದೊಡ್ಡದಾದಷ್ಟೂ ಇನ್ನೊಂದು ತೊಡಕು. ಒಂದೇ ಲೈಬ್ರರಿಯ ಹಳೆಯ ಆವೃತ್ತಿಯನ್ನು ಒಬ್ಬ ಬೀಗರು, ಹೊಸದನ್ನು ಇನ್ನೊಬ್ಬರು ಕರೆದು ತರುತ್ತಾರೆ. ಗೂಗಲ್ ಕಂಪನಿಯವರ ಗ್ವಾವಾ ಎಂಬ ಲೈಬ್ರರಿ ಈ ವಿಷಯದಲ್ಲಿ ಹೆಸರು ಕೆಡಿಸಿಕೊಂಡಿದೆ. ಇಂಥಲ್ಲಿ ಮೇವನ್ ಹತ್ತಿರದ ಸಂಬಂಧಕ್ಕೆ ಮರ್ಯಾದೆ ಕೊಡುತ್ತದೆ. ಇಬ್ಬರೂ ಸಮಾನ ದೂರದವರಾದರೆ ಯಾದಿಯಲ್ಲಿ ಮೊದಲು ಬಂದವರಿಗೆ. ಹೊಸದೋ ಹಳೆಯದೋ ಎಂದು ನೋಡುವುದಿಲ್ಲ. ಗ್ರೇಡಲ್ ಹಾಗಲ್ಲ, ಬೇರೆ ಹೇಳದಿದ್ದರೆ ಹೊಸದನ್ನೇ ಆರಿಸುತ್ತದೆ. ಹಳೆಯದು ಗೆದ್ದು ನಿಂತರೆ ಆಗ ಬರುವ ಮಾತು ‘ನೋ ಸಚ್ ಮೆಥಡ್ ಎರರ್’. ಕ್ಲಾಸು ಸಿಕ್ಕಿದೆ, ಆದರೆ ಅದಕ್ಕೆ ಕೇಳಿದ ವಿದ್ಯೆ ಬರುವುದಿಲ್ಲ. ಇದನ್ನು ಕಂಡು ಹೊಸ ಭರಣಿಯನ್ನೂ ತಂದು ಪಕ್ಕಕ್ಕೆ ಇಟ್ಟರೆ ಪ್ರಯೋಜನವಿಲ್ಲ. ದಾರಿಯಲ್ಲಿ ಮೊದಲು ಸಿಕ್ಕದ್ದನ್ನೇ ಯಂತ್ರ ಎತ್ತಿಕೊಳ್ಳುತ್ತದೆ. ಇಲ್ಲಿ ಬೇಕಾದದ್ದು ಒಂದನ್ನು ತೆಗೆಯುವುದು, ಇನ್ನೊಂದನ್ನು ಹಾಕುವುದಲ್ಲ.

ಹೆಸರು ಬದಲಾಗುವ ಸಂಗತಿಯನ್ನು ರಾಜ್ಯೋತ್ಸವದ ದಿನ ಹೇಳದೆ ಇರಲಾರೆ. ೨೦೧೪ರ ನವೆಂಬರ್ ೧ರಂದು ಕರ್ನಾಟಕದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡಕ್ಕೆ ಒಪ್ಪುವಂತೆ ತಿದ್ದಲಾಯಿತು. ಬೆಳಗಾಂ ಬೆಳಗಾವಿಯಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ನಮ್ಮ ಪೋಸ್ಟಿನ ಅಣ್ಣ ಹಳೆಯ ಹೆಸರು ಬರೆದ ಲಕೋಟೆಯನ್ನೂ ಮುಟ್ಟಿಸಿದ. ಅವನಿಗೆ ಎರಡೂ ಗೊತ್ತು. ಜಾವಾ ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಜಾವಾದ ದೊಡ್ಡ ಕಾರಭಾರಗಳಿಗೆ ಬೇಕಾಗುವ ಒಂದು ಭಾಗವನ್ನು ಓರೇಕಲ್ ಕಂಪನಿ ೨೦೧೭ರಲ್ಲಿ ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸಲು ನಿಶ್ಚಯಿಸಿತು. ಆಸ್ತಿ ಬಂದಿತು, ಆದರೆ ‘ಜಾವಾಎಕ್ಸ್’ ಎಂಬ ಮನೆತನದ ಹೆಸರನ್ನು ಬಳಸಿ ಮುಂದಿನ ಬದಲಾವಣೆಗಳನ್ನು ಮಾಡುವ ವಿಷಯದಲ್ಲಿ ೨೦೧೯ರಲ್ಲಿ ಮಾತುಕತೆ ಮುರಿಯಿತು. ಕೊನೆಗೆ ೨೦೨೦ರ ಡಿಸೆಂಬರಿನಲ್ಲಿ ಆ ಕ್ಲಾಸುಗಳೆಲ್ಲ ‘ಜಕಾರ್ತಾ’ ಎಂಬ ಹೊಸ ಮನೆತನಕ್ಕೆ ಸೇರಿದವು. ಟಾಮ್‌ಕ್ಯಾಟ್ ಒಂಬತ್ತನೆಯ ಆವೃತ್ತಿಯವರೆಗೆ ಹಳೆಯ ಹೆಸರು, ಹತ್ತನೆಯದರಿಂದ ಹೊಸದು. ೨೦೨೨ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟ್ ಮೂರನೆಯ ಆವೃತ್ತಿಯೂ ಹೊಸ ಹೆಸರನ್ನೇ ಹಿಡಿಯಿತು. ಹಳೆಯ ಹೆಸರಿನ ಪ್ರೋಗ್ರಾಮನ್ನು ಹೊಸ ಸರ್ವರಿನ ಮೇಲೆ ಇಟ್ಟರೆ ‘ಸರ್ವ್‌ಲೆಟ್ ಸಿಗಲಿಲ್ಲ’ ಎನ್ನುತ್ತದೆ, ಮೂಗಿನ ಕೆಳಗೇ ಇದ್ದರೂ. ಇದನ್ನು ತಿಳಿದ ಕೆಲವು ಜಾಣರು ಎಲ್ಲಿ ‘ಜಾವಾಎಕ್ಸ್’ ಕಂಡರೂ ‘ಜಕಾರ್ತಾ’ ಎಂದು ಒಂದೇ ಏಟಿಗೆ ತಿದ್ದುತ್ತಾರೆ. ಅದೂ ಕೂಡದು. ‘ಜಾವಾಎಕ್ಸ್ ಡಾಟ್ ಎಸ್‌ಕ್ಯೂಎಲ್’ ಮುಂತಾದವು ಜಾವಾದ ಮೂಲಮನೆಯಲ್ಲಿಯೇ ಉಳಿದಿವೆ. ಬೆಳಗಾಂ ಬೆಳಗಾವಿಯಾದರೂ ಧಾರವಾಡ ಧಾರವಾಡವಾಗಿಯೇ ಉಳಿಯಲಿಲ್ಲವೆ?

ಇದರ ಜೊತೆಗೆ, ೨೦೧೮ರ ಸೆಪ್ಟೆಂಬರಿನಲ್ಲಿ ಬಂದ ಜಾವಾ ಹನ್ನೊಂದನೆಯ ಆವೃತ್ತಿಯು ‘ಜಾಕ್ಸ್‌ಬಿ’ ಮುಂತಾದ ಕೆಲವು ಹಳೆಯ ಭಾಗಗಳನ್ನು ಮೂಲಮನೆಯಿಂದ ಹೊರಗೆ ಕಳಿಸಿತು. ಎಂಟನೆಯ ಆವೃತ್ತಿಯ ಮೇಲೆ ಏನೂ ಕೇಳದೆ ನಡೆದದ್ದಕ್ಕೆ ಹನ್ನೊಂದರ ಮೇಲೆ ಬೇರೆ ಭರಣಿ ತಂದು ಕೊಡಬೇಕಾಯಿತು.

ಈಗ ಒಂದು ನಡೆದ ಸಂಗತಿ. ಕಚೇರಿಯ ಹೆಸರೂ ಹುಡುಗಿಯ ಹೆಸರೂ ಬೇಡ. ಇಂಡಿ ತಾಲೂಕಿನ ಒಂದು ಹಳ್ಳಿಯಿಂದ, ಹತ್ತನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿ ಬಂದವಳು. ನೌಕರಿ ಸೇರಿ ನಾಲ್ಕು ತಿಂಗಳು. ಇನ್ನೂ ಕಾಯಂ ಆಗಿರಲಿಲ್ಲ. ಅವರ ಪ್ರೋಗ್ರಾಮು ತಿಂಗಳಿಗೊಮ್ಮೆ ಪಗಾರದ ಚೀಟಿಗಳನ್ನು ಪಿಡಿಎಫ್ ಮಾಡಿ ಕಳಿಸುವಂಥದು. ಆ ತಿಂಗಳು ಹೊಸ ಸರ್ವರಿಗೆ ಹೋಗಿತ್ತು. ರಾತ್ರಿ ಚೀಟಿಗಳು ಹೊರಡಲಿಲ್ಲ. ಪರದೆಯ ತುಂಬ ಕೆಂಪಕ್ಷರ: ‘ನೋ ಕ್ಲಾಸ್ ಡೆಫ್ ಫೌಂಡ್ ಎರರ್: ಕುಡ್ ನಾಟ್ ಇನಿಶಿಯಲೈಜ್ ಕ್ಲಾಸ್’, ಆಮೇಲೆ ಅಕ್ಷರವಿನ್ಯಾಸಕ್ಕೆ ಸಂಬಂಧಿಸಿದ ಒಂದು ಕ್ಲಾಸಿನ ಹೆಸರು. ಮೇಲಿನವರು ನೋಡಿದ ಕೂಡಲೇ ‘ಹೊಸ ಹುಡುಗಿ ಭರಣಿ ಹಾಕಲು ಮರೆತಿದ್ದಾಳೆ’ ಎಂದು ತೀರ್ಪು ಕೊಟ್ಟರು. ಇಬ್ಬರು ಹಿರಿಯರು ಐದಾರು ಭರಣಿಗಳನ್ನು ತಂದು ಸುರಿದರು. ಆಗಲಿಲ್ಲ. ಹುಡುಗಿಯ ಹೆಸರು ದೂರಿನ ಪತ್ರದಲ್ಲಿ ಸೇರುವುದೊಂದೇ ಬಾಕಿ.

ಆಕೆ ನನಗೆ ಫೋನ್ ಮಾಡಿ, ‘ಸರ, ಈ ಕ್ಲಾಸ್ ಜಾವಾದೊಳಗಽ ಐತ್ರಿ, ಹೊರಗಿಂದಲ್ಲ. ಮತ್ತ ನಾ ಹ್ಯಾಂಗ ಮರೀಲಿಕ್ಕೆ ಸಾಧ್ಯ ಐತ್ರಿ?’ ಎಂದು ಕೇಳಿದಳು. ಪ್ರಶ್ನೆ ಸರಿಯಾದದ್ದು. ಎಷ್ಟೋ ವರ್ಷದ ಅನುಭವಿಗಳೂ ದಾಟಿ ಹೋಗುವ ಒಂದು ಮಾತು ಆ ಕೆಂಪಕ್ಷರದಲ್ಲಿಯೇ ಇತ್ತು. ‘ಕುಡ್ ನಾಟ್ ಇನಿಶಿಯಲೈಜ್’ ಎಂದರೆ ಸಿಗಲಿಲ್ಲವೆಂದಲ್ಲ. ಕ್ಲಾಸು ಸಿಕ್ಕಿದೆ, ಆದರೆ ಅದು ಕೆಲಸಕ್ಕೆ ಸಜ್ಜಾಗಲು ಹೊರಟಾಗ ಏನೋ ಅಡ್ಡ ಬಂದು ಬಿದ್ದಿದೆ. ಹಾಗೆ ಒಮ್ಮೆ ಬಿದ್ದ ಕ್ಲಾಸನ್ನು ಯಂತ್ರ ಮತ್ತೆ ಎಬ್ಬಿಸಲು ಹೋಗುವುದಿಲ್ಲ. ಮುಂದೆ ಯಾರು ಕರೆದರೂ ಇದೊಂದೇ ಉತ್ತರ ಕೊಡುತ್ತದೆ. ಬಿದ್ದದ್ದು ಏಕೆ ಎಂಬ ನಿಜವಾದ ಕಾರಣ ಮೊದಲ ಸಲದ ದೂರಿನಲ್ಲಿ ಬರೆದಿರುತ್ತದೆ. ಎಲ್ಲರೂ ಕೊನೆಯ ಸಾಲುಗಳನ್ನು ಓದುತ್ತಿದ್ದರು. ‘ಮೇಲಕ್ಕೆ ಹೋಗವ್ವಾ, ಪ್ರೋಗ್ರಾಮು ಸುರುವಾದಾಗಿನಿಂದ ಮೊಟ್ಟಮೊದಲು ಏನು ಕೆಟ್ಟಿತು ನೋಡು’ ಎಂದೆ. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಫೋನು. ನೂರಾರು ಸಾಲುಗಳ ಮೇಲೆ ಒಂದೇ ಒಂದು ಬೇರೆ ಮಾತು ಸಿಕ್ಕಿತ್ತು: ‘ಅನ್‌ಸ್ಯಾಟಿಸ್ಫೈಡ್ ಲಿಂಕ್ ಎರರ್’, ‘ಲಿಬ್ ಫ್ರೀಟೈಪ್’ ಎಂಬ ಕಡತ ತೆರೆಯಲಾಗಲಿಲ್ಲ. ಅಕ್ಷರದ ಅಚ್ಚುಗಳನ್ನು ಮೂಡಿಸುವ ಆ ಸಾಮಾನು ಜಾವಾದ್ದಲ್ಲ, ಲಿನಕ್ಸಿನದು. ಹೊಸ ಸರ್ವರನ್ನು ಸಿದ್ಧಪಡಿಸಿದವರು ಅದನ್ನು ಹಾಕಿರಲಿಲ್ಲ. ಅದನ್ನು ಹಾಕಿ ಪ್ರೋಗ್ರಾಮನ್ನು ಮತ್ತೆ ಸುರುಮಾಡಿದ ಮೇಲೆ ಚೀಟಿಗಳು ಹೊರಟವು. ಹಿರಿಯರು ತಂದು ಸುರಿದ ಭರಣಿಗಳನ್ನು ಹುಡುಗಿ ಮರುದಿನ ಒಂದೊಂದಾಗಿ ಹೊರಗೆ ತೆಗೆದಳು. ಮೂರು ತಿಂಗಳಿಗೆ ಕಾಯಂ ಆದಳು. ಸರ್ವರು ಸಿದ್ಧಪಡಿಸಿದವರ ಮೇಲೆ ಯಾರೂ ದೂರಿನ ಪತ್ರ ಬರೆಯಲಿಲ್ಲವೆಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ತರುಣ ಮಿತ್ರರಿಗೆ ಕೈಗೆ ಉಪಕರಣಗಳನ್ನೂ ಕೊಡಬೇಕಷ್ಟೆ. ‘ಜಾರ್ ಟಿಎಫ್’ ಎಂದರೆ ಭರಣಿಯ ಮುಚ್ಚಳ ತೆಗೆದು ಯಾದಿ ತೋರಿಸುತ್ತದೆ. ಮೇವನ್‌ಗೆ ‘ಡಿಪೆಂಡೆನ್ಸಿ ಟ್ರೀ’ ಎಂದು ಹೇಳಿದರೆ ಬಳಗದ ಇಡೀ ವಂಶವೃಕ್ಷವನ್ನು ಬರೆದುಕೊಡುತ್ತದೆ. ಯಾರು ಯಾರನ್ನು ಕರೆತಂದರೆಂದು ಅಲ್ಲಿ ಕಾಣುತ್ತದೆ. ಗ್ರೇಡಲ್‌ನಲ್ಲಿ ‘ಡಿಪೆಂಡೆನ್ಸಿ ಇನ್‌ಸೈಟ್’. ಓಡಿಸುವಾಗ ‘ವರ್ಬೋಸ್ ಕ್ಲಾಸ್’ ಎಂದು ಸೇರಿಸಿದರೆ ಯಂತ್ರವು ಪ್ರತಿಯೊಂದು ಕ್ಲಾಸನ್ನು ಯಾವ ಭರಣಿಯಿಂದ ತೆಗೆದೆನೆಂದು ಸಾಲಾಗಿ ಹೇಳುತ್ತ ಹೋಗುತ್ತದೆ. ಎರಡು ಆವೃತ್ತಿಗಳ ಜಗಳವಿದ್ದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಶನ್’ ಎಂದು ಬಂದರೆ ಅಂಕಿಯನ್ನು ನೋಡಿರಿ: ೫೨ ಎಂದರೆ ಎಂಟನೆಯ ಜಾವಾ, ೫೫ ಎಂದರೆ ಹನ್ನೊಂದು, ೬೧ ಎಂದರೆ ಹದಿನೇಳು. ಹೊಸದರಲ್ಲಿ ಸಿದ್ಧಪಡಿಸಿದ್ದನ್ನು ಹಳೆಯದರ ಮೇಲೆ ಓಡಿಸಲು ಹೊರಟಿದ್ದೀರಿ, ಅಷ್ಟೇ. ಇನ್ನೊಬ್ಬರ ಸಹಾಯ ಕೇಳುವಾಗ ಕೊನೆಯ ಸಾಲಿನ ಚಿತ್ರ ತೆಗೆದು ಕಳಿಸಬೇಡಿರಿ; ಮೊದಲ ದೂರನ್ನು ಪೂರ್ತಿಯಾಗಿ, ಅದರಲ್ಲಿ ‘ಕಾಸ್ಡ್ ಬೈ’ ಎಂಬ ಸಾಲುಗಳಿದ್ದರೆ ಅವನ್ನೂ ಸೇರಿಸಿ, ಅಕ್ಷರರೂಪದಲ್ಲಿಯೇ ಕಳಿಸಿರಿ. ಕನ್ನಡದಲ್ಲಿ ಬರೆದು ಕೇಳಿದರೂ ನಡೆಯುತ್ತದೆ. ಉತ್ತರ ಕೊಡುವವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದೇವೆ.

ಭಾಷಣ ಮುಗಿದ ಮೇಲೆ ಹಿರಿಯರೊಬ್ಬರು, ರೇಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಎದ್ದು ಕೇಳಿದರು: ‘ಇಷ್ಟು ಜಾಣ ಯಂತ್ರ, ಸಿಗದ ಕ್ಲಾಸನ್ನು ತಾನೇ ಎಲ್ಲಿಂದಾದರೂ ಹುಡುಕಿ ತಂದುಕೊಳ್ಳಬಾರದೆ? ಹುಡುಗರಿಗೇಕೆ ಈ ತ್ರಾಸ?’

ನಾನು ಕೊಟ್ಟ ಉತ್ತರ ಹೀಗೆ. ಯಾರೋ ಹೇಳಿದರೆಂದು ಪರರ ಮನೆಯಿಂದ ಕ್ಲಾಸನ್ನು ತಂದು ಓಡಿಸಿದರೆ ಏನಾಗುತ್ತದೆಂಬುದನ್ನು ಲೋಕವು ೨೦೨೧ರ ಡಿಸೆಂಬರಿನಲ್ಲಿ ಕಂಡಿತು. ಲಾಗ್‌ಫೋರ್‌ಜೆ ಎಂಬುದು ದಿನಚರಿ ಬರೆಯುವ ಲೈಬ್ರರಿ. ಅಸಂಖ್ಯ ಜಾವಾ ಪ್ರೋಗ್ರಾಮುಗಳ ಬಳಗದಲ್ಲಿ ಅದು ಇತ್ತು. ದಿನಚರಿಗೆ ಬರುವ ಮಾತಿನಲ್ಲಿ ಒಂದು ಬಗೆಯ ವಿಳಾಸವನ್ನು ಬರೆದರೆ ಅದು ಆ ವಿಳಾಸಕ್ಕೆ ಹೋಗಿ, ಅಲ್ಲಿ ಕೊಟ್ಟ ಕ್ಲಾಸನ್ನು ತಂದು ಓಡಿಸುವಂತಾಗಿತ್ತು. ಯಾರು ಬೇಕಾದರೂ ಆ ಮಾತನ್ನು ಕಳಿಸಬಹುದಾಗಿತ್ತು. ನಮ್ಮ ಹುಡುಗರು ಆ ತಿಂಗಳು ವಂಶವೃಕ್ಷಗಳನ್ನು ತೆಗೆದು, ಭರಣಿಯೊಳಗಿನ ಭರಣಿಗಳನ್ನೂ ತೆರೆದು, ಅದು ತಮ್ಮ ಮನೆಯಲ್ಲಿದೆಯೇ ಎಂದು ಹುಡುಕಬೇಕಾಯಿತು. ಎಷ್ಟೋ ಕಡೆ ಯಾರೂ ಕರೆಯದೆಯೇ ಬೀಗರ ಬೀಗರಾಗಿ ಅದು ಬಂದು ಕೂತಿತ್ತು. ಕೂಡಲೇ ಹೊಸ ಆವೃತ್ತಿಗೆ ಹೋಗಲಾರದವರಿಗೆ ಹೇಳಿದ ತಾತ್ಪೂರ್ತಿಕ ಉಪಾಯವೆಂದರೆ, ಭರಣಿಯ ಮುಚ್ಚಳ ತೆಗೆದು ‘ಜೆಎನ್‌ಡಿಐ ಲುಕಪ್’ ಎಂಬ ಒಂದು ಕ್ಲಾಸನ್ನು ಕಿತ್ತು ಹಾಕುವುದು. ಹೀಗೆ ಆ ಕೆಲವು ರಾತ್ರಿ ಹಿಂಜವಡಿಯಲ್ಲಿ ಒಂದು ಕ್ಲಾಸು ಸಿಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಜನ ಮನೆಗೆ ಹೋದರು.

ಅಷ್ಟರಲ್ಲಿ ಊಟದ ಗಂಟೆಯಾಯಿತು. ಇನ್ನುಳಿದ ಪ್ರಶ್ನೆಗಳಿಗೆ ಪಂಕ್ತಿಯಲ್ಲಿ ಕೂತು ಉತ್ತರ ಹೇಳಿದೆ.